ಜಪಾನಿನ ಫೋನಿನಲ್ಲಿ ಕ್ಯಾಮೆರಾ ಸದ್ದು ನಿಲ್ಲಿಸಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ (ಯೊಕೊಹಾಮಾ)

ನಮಸ್ಕಾರ. ಪತಿಯವರ ಕೆಲಸದ ನಿಮಿತ್ತ ಎರಡು ತಿಂಗಳ ಹಿಂದೆ ಧಾರವಾಡದಿಂದ ಇಲ್ಲಿಗೆ ಬಂದಿದ್ದೇವೆ. ನನ್ನ ಹಳೆಯ ಫೋನು ಕೆಟ್ಟುಹೋದದ್ದರಿಂದ ಇಲ್ಲಿಯೇ ಒಂದು ಐಫೋನ್ ಕೊಂಡೆ. ಸೈಲೆಂಟ್‌ನಲ್ಲಿಟ್ಟರೂ, ವಾಲ್ಯೂಮ್ ಪೂರ್ತಿ ಇಳಿಸಿದರೂ ಫೋಟೊ ತೆಗೆಯುವಾಗ ಕ್ಲಿಕ್ ಸದ್ದು ಬಂದೇ ಬರುತ್ತದೆ. ಐದು ತಿಂಗಳ ಮಗಳು ನಿದ್ದೆಯಲ್ಲಿ ನಗುವುದನ್ನು ತವರಿಗೆ ಕಳುಹಿಸೋಣವೆಂದು ಹೋದರೆ ಮೊದಲ ಫೋಟೊಕ್ಕೇ ಬೆಚ್ಚಿ ಎದ್ದು ಅಳುತ್ತಾಳೆ. ಈ ಸದ್ದನ್ನು ನಿಲ್ಲಿಸುವುದು ಹೇಗೆ? ನಿಲ್ಲಿಸಿದರೆ ಇಲ್ಲಿನ ಕಾನೂನಿಗೆ ವಿರುದ್ಧವಾಗುತ್ತದೆಯೇ? ದಸರೆಗೆ ಬರಲಿರುವ ತಮ್ಮನ ಕೈಯಲ್ಲಿ ಭಾರತದ ಫೋನು ತರಿಸಿಕೊಳ್ಳುವುದು ಒಳ್ಳೆಯದೇ?

ಉತ್ತರ (ಕಾವಾಸಾಕಿ, ಹನ್ನೊಂದು ವರ್ಷಗಳಿಂದ)

ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ದಣಿಯಬೇಡಿ, ತಾಯಿ. ಅಂಥ ಆಯ್ಕೆಯನ್ನೇ ಅಲ್ಲಿ ಇಟ್ಟಿಲ್ಲ. ಜನರಲ್, ಅಬೌಟ್ ಎಂಬಲ್ಲಿ ಮಾಡೆಲ್ ಸಂಖ್ಯೆ ನೋಡಿ. ಅದು ಜೆ/ಎ ಎಂದು ಮುಗಿದರೆ ಜಪಾನಿನ ಮಾರುಕಟ್ಟೆಗೆಂದು ಮಾಡಿದ ಫೋನು. ಭಾರತದ್ದಾದರೆ ಎಚ್ಎನ್/ಎ ಎಂದಿರುತ್ತದೆ.

ಇಲ್ಲಿ ಬಹಳ ಜನ ಇದನ್ನು ಕಾನೂನೆಂದೇ ತಿಳಿದಿದ್ದಾರೆ, ಆದರೆ ಇದು ಕಾನೂನಲ್ಲ. 2000ದ ನವೆಂಬರಿನಲ್ಲಿ ಜೆ-ಫೋನ್ ಕಂಪನಿಯು ಶಾರ್ಪ್ ತಯಾರಿಸಿದ ಕ್ಯಾಮೆರಾ ಫೋನನ್ನು ಮಾರುಕಟ್ಟೆಗೆ ತಂದು, ತೆಗೆದ ಚಿತ್ರವನ್ನು ಆಗಲೇ ಮೇಲ್ ಮಾಡುವ ರೂಢಿ ಬೆಳೆದಾಗ, ರೈಲಿನಲ್ಲೂ ನಿಲ್ದಾಣದ ಮೆಟ್ಟಿಲುಗಳ ಮೇಲೂ ಹೆಂಗಸರ ಚಿತ್ರವನ್ನು ಕದ್ದು ತೆಗೆಯುವವರ ಭಯವೂ ಜೊತೆಗೇ ಬೆಳೆಯಿತು. ಆಗ ಫೋನ್ ಕಂಪನಿಗಳು ತಾವಾಗಿಯೇ ಒಪ್ಪಿ ಹಾಕಿಕೊಂಡ ಕಟ್ಟುಪಾಡು ಇದು. 2008ರಲ್ಲಿ ಸಾಫ್ಟ್‌ಬ್ಯಾಂಕ್ ಎಂಬ ಮೊಬೈಲ್ ಸೇವಾ ಕಂಪನಿಯ ಮೂಲಕ ಬಂದ ಐಫೋನ್ ಕೂಡ ಇದಕ್ಕೆ ತಲೆಬಾಗಿತು.

ಆದ್ದರಿಂದ ಸದ್ದಿಲ್ಲದ ಫೋನು ಇಟ್ಟುಕೊಳ್ಳುವುದು ಅಪರಾಧವಲ್ಲ. ಕದ್ದು ಚಿತ್ರ ತೆಗೆಯುವುದು ಅಪರಾಧ. ಅದಕ್ಕೆ ಬಹುಕಾಲ ಪ್ರಾಂತ್ಯ ಪ್ರಾಂತ್ಯಕ್ಕೂ ಬೇರೆ ಬೇರೆ ನಿಯಮವಿತ್ತು. ಹಾರುತ್ತಿರುವ ವಿಮಾನದಲ್ಲಿ ಹೀಗೆ ನಡೆದರೆ, ಆ ಗಳಿಗೆಯಲ್ಲಿ ವಿಮಾನ ಯಾವ ಪ್ರಾಂತ್ಯದ ಮೇಲಿತ್ತು ಎಂಬುದೇ ತೊಡಕಾಗುತ್ತಿತ್ತು. 2023ರ ಜುಲೈ 13ರಿಂದ ಇಡೀ ದೇಶಕ್ಕೆ ಒಂದೇ ಕಾನೂನು ಜಾರಿಗೆ ಬಂದಿದ್ದು, ಲೈಂಗಿಕ ಸ್ವರೂಪದ ಚಿತ್ರವನ್ನು ಕದ್ದು ತೆಗೆದವರಿಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 30 ಲಕ್ಷ ಯೆನ್‌ವರೆಗೆ ದಂಡವಿದೆ.

ಮಗುವಿನ ವಿಷಯಕ್ಕೆ ಬರೋಣ. ನನ್ನ ಮಗ ಕೂಸಾಗಿದ್ದಾಗ ನಾನು ಕಂಡುಕೊಂಡ ಉಪಾಯ ಇದು. ಮಲಗುವ ಕೋಣೆಯ ಹೊರಗೇ ವಿಡಿಯೊ ಶುರುಮಾಡಿ. ಶುರುವಾಗುವಾಗಿನ ಟಿಣ್ ಎಂಬ ಸದ್ದು ಅಲ್ಲಿಯೇ ಮುಗಿದುಹೋಗುತ್ತದೆ. ಹಾಗೆಯೇ ಒಳಗೆ ಹೋಗಿ ತೊಟ್ಟಿಲ ಬಳಿ ನಿಂತು, ವಿಡಿಯೊ ನಡೆಯುತ್ತಿರುವಾಗಲೇ ಪರದೆಯ ಮೇಲೆ ಕಾಣುವ ಬಿಳಿ ಗುಂಡಿಯನ್ನು ಒತ್ತಿದರೆ ಸದ್ದಿಲ್ಲದೆ ಫೋಟೊ ಬರುತ್ತದೆ. ಹೊರಗೆ ಬಂದ ಮೇಲೆ ವಿಡಿಯೊ ನಿಲ್ಲಿಸಿ. ಫೋಟೊದ ಸೂಕ್ಷ್ಮತೆ ಸ್ವಲ್ಪ ಕಡಿಮೆಯಾದರೂ ಅಜ್ಜಿಗೆ ಕಳುಹಿಸಲು ಧಾರಾಳ ಸಾಕು. ಫೋಟೊದ ಜೊತೆಗೆ ಕ್ಷಣಕಾಲದ ಚಲನೆಯನ್ನೂ ಹಿಡಿದಿಡುವ ಲೈವ್ ಫೋಟೊ ಆನ್ ಮಾಡಿದರೂ ಸದ್ದು ಮೆತ್ತಗಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನಿಮ್ಮ ತಮ್ಮ ಭಾರತದಿಂದ ಫೋನು ತರುವುದಾದರೆ, ಅದರಲ್ಲಿ ‘ಗಿತೆಕಿ’ ಎಂದು ಕರೆಯುವ ಜಪಾನಿನ ರೇಡಿಯೊ ಮಾನ್ಯತೆಯ ಗುರುತು ಇದೆಯೇ ಎಂದು ಮೊದಲು ನೋಡಲಿ. ಐಫೋನಿನಲ್ಲಿ ಜನರಲ್ ಕೆಳಗಿನ ಲೀಗಲ್ ಅಂಡ್ ರೆಗ್ಯುಲೇಟರಿ ಎಂಬಲ್ಲಿ ಅದು ಕಾಣುತ್ತದೆ.

ಉತ್ತರ (ದಕ್ಷಿಣ ಕೊರಿಯಾದ ಸುವೋನ್)

ಇಲ್ಲಿಯೂ ಇದೇ ಪಾಡು. 2004ರಲ್ಲಿ ಕೊರಿಯಾದ ದೂರಸಂಪರ್ಕ ತಂತ್ರಜ್ಞಾನ ಸಂಘವು, ಫೋನು ಸೈಲೆಂಟ್‌ನಲ್ಲಿದ್ದರೂ 60ರಿಂದ 68 ಡೆಸಿಬೆಲ್ ಸದ್ದು ಬರಲೇಬೇಕೆಂದು ಮಾನದಂಡ ಮಾಡಿತು. ಎದುರಿಗೆ ಕುಳಿತವರು ಸಹಜವಾಗಿ ಮಾತನಾಡಿದಷ್ಟು ಅಥವಾ ಅದಕ್ಕೂ ತುಸು ಹೆಚ್ಚಿನ ಸದ್ದು ಅದು. ಸಂಗ್ರಹಾಲಯದಲ್ಲಿ ಅದು ಎಷ್ಟು ಮುಜುಗರ ತರುತ್ತದೆಂಬುದನ್ನು ಅನುಭವಿಸಿಯೇ ತಿಳಿಯಬೇಕು. ಇದೂ ಕಾನೂನಲ್ಲ, ಉದ್ಯಮದ ಮಾನದಂಡ ಮಾತ್ರ. 2023ರಲ್ಲಿ ಸರ್ಕಾರಿ ಆಯೋಗವೊಂದು ನಡೆಸಿದ ಸಮೀಕ್ಷೆಯಲ್ಲಿ ಭಾಗವಹಿಸಿದವರ ಪೈಕಿ ಶೇಕಡ 85ರಷ್ಟು ಜನ ಆಯ್ಕೆಯನ್ನು ಬಳಕೆದಾರರಿಗೇ ಬಿಡಬೇಕೆಂದರು.

ನನ್ನದೊಂದು ಅನುಭವವಿದೆ. ಇಲ್ಲಿ ಕೊಂಡ ಫೋನನ್ನು ಅಣ್ಣನ ಮಗನ ಉಪನಯನಕ್ಕೆ ಮೈಸೂರಿಗೆ ಒಯ್ದಾಗ, ಬ್ರಹ್ಮೋಪದೇಶದ ಹೊತ್ತಿಗೆ ಸದ್ದಾದೀತೆಂದು ಫೋನನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಆಮೇಲೆ ನೋಡಿದರೆ ಭಾರತದ ಸಿಮ್ ಹಾಕಿದಂದಿನಿಂದ ಅದು ಸೈಲೆಂಟ್‌ನಲ್ಲಿ ಸದ್ದು ಮಾಡುತ್ತಲೇ ಇರಲಿಲ್ಲ. ಸುವೋನಿಗೆ ಮರಳಿದ ದಿನವೇ ಸದ್ದೂ ಮರಳಿತು. ಇದಕ್ಕೂ ಹಿಂದಿನ ನನ್ನ ಫೋನು ಹಾಗಿರಲಿಲ್ಲ. ಊರಿನಲ್ಲೂ ಸದ್ದು ಮಾಡುತ್ತಿತ್ತು.

ಉತ್ತರ (ಬೆಂಗಳೂರು, ಆ್ಯಪ್ ತಯಾರಿಕೆಯ ಕೆಲಸ)

ಸುವೋನಿನವರು ಹೇಳಿದ್ದಕ್ಕೆ ಕಾರಣವಿದೆ. ಪ್ರತಿ ಸಿಮ್‌ನಲ್ಲೂ ದೇಶದ ಸಂಕೇತ ಇರುತ್ತದೆ: ಜಪಾನಿಗೆ 440 ಮತ್ತು 441, ಕೊರಿಯಾಕ್ಕೆ 450, ಭಾರತಕ್ಕೆ 404 ಮತ್ತು 405. ಕೆಲವು ಫೋನುಗಳು ತಾವು ಎಲ್ಲಿ ಮಾರಾಟವಾದವೆಂಬುದನ್ನು ನೋಡಿ ಸದ್ದನ್ನು ನಿರ್ಧರಿಸುತ್ತವೆ, ಇನ್ನು ಕೆಲವು ಈ ಸಂಕೇತವನ್ನು ನೋಡುತ್ತವೆ. ಹಾಗಾಗಿ ಭಾರತದಿಂದ ತಂದ ಫೋನು ಕೂಡ ಜಪಾನಿನ ಸಿಮ್ ಹಾಕಿದೊಡನೆ ಕ್ಲಿಕ್ ಎನ್ನತೊಡಗಬಹುದು. ಹೊಸದನ್ನು ಕೊಳ್ಳುವ ಮೊದಲು, ತಮ್ಮನವರು ತರುವ ಫೋನಿಗೆ ನಿಮ್ಮ ಸಿಮ್ ಹಾಕಿ ಪರೀಕ್ಷಿಸಿ ನೋಡುವುದು ಒಳಿತು. ಸದ್ದು ಕಡ್ಡಾಯವಾದ ಜಾಗದಲ್ಲಿ ಫೋನಿದೆಯೇ ಎಂದು ಕ್ಯಾಮೆರಾ ಆ್ಯಪ್ ಕೇಳಿ ತಿಳಿಯುವ ವ್ಯವಸ್ಥೆಯನ್ನು ಆ್ಯಂಡ್ರಾಯ್ಡ್ 13ರಲ್ಲಿ ಅಧಿಕೃತವಾಗಿಯೇ ಸೇರಿಸಿದ್ದಾರೆ.

ಸದ್ದಿಲ್ಲದ ಕ್ಯಾಮೆರಾ ಆ್ಯಪ್‌ಗಳನ್ನು ಯಾರಾದರೂ ಸೂಚಿಸುವ ಮೊದಲೇ ಒಂದು ಮಾತು ಹೇಳಬೇಕು. ಅವುಗಳಲ್ಲಿ ಹೆಚ್ಚಿನವು ನಿಜವಾಗಿ ಫೋಟೊ ತೆಗೆಯುವುದಿಲ್ಲ. ಪರದೆಯಲ್ಲಿ ಹರಿಯುತ್ತಿರುವ ದೃಶ್ಯದಿಂದ ಒಂದು ಚೌಕಟ್ಟನ್ನು ಎತ್ತಿಡುತ್ತವೆ. ಮಂದ ಬೆಳಕಿನಲ್ಲಿ ಹಲವು ಚಿತ್ರಗಳನ್ನು ಕೂಡಿಸಿ ತಿಳಿಗೊಳಿಸುವ ಫೋನಿನ ಜಾಣ್ಮೆ ಅಲ್ಲಿ ಕೆಲಸಕ್ಕೆ ಬಾರದ ಕಾರಣ, ತೊಟ್ಟಿಲ ಕೋಣೆಯ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲ ಫೋಟೊಗಳನ್ನೂ, ಇರುವ ಜಾಗವನ್ನೂ ನೋಡಲು ಅನುಮತಿ ಕೇಳುವ ಅಪರಿಚಿತ ಉಚಿತ ಆ್ಯಪ್‌ಗೆ ಮಗುವಿನ ಚಿತ್ರಗಳನ್ನು ಒಪ್ಪಿಸಬೇಡಿ.

ಉತ್ತರ (ಟೋಕಿಯೊ, ಆರು ವರ್ಷಗಳಿಂದ)

ನಾನು ದಿನವೂ ಕಿಕ್ಕಿರಿದ ರೈಲಿನಲ್ಲಿ ಕೆಲಸಕ್ಕೆ ಹೋಗುವವಳು. ಬಂದ ಹೊಸತರಲ್ಲಿ ಈ ಸದ್ದು ನನಗೂ ಕಿರಿಕಿರಿಯೆನಿಸುತ್ತಿತ್ತು. ಒಂದು ಸಂಜೆ ನಿಂತಲ್ಲೇ ಬೆನ್ನ ಹಿಂದೆ ಕ್ಲಿಕ್ ಎಂದು ಕೇಳಿತು. ನಾನು ತಿರುಗಿದೆ, ಪಕ್ಕದಲ್ಲಿದ್ದ ಸಮವಸ್ತ್ರದ ಶಾಲಾ ಹುಡುಗಿ ತಿರುಗಿದಳು, ಆಚೆ ನಿಂತಿದ್ದ ವಯಸ್ಸಾದ ಹೆಂಗಸೂ ತಿರುಗಿದರು. ಫೋನು ಹಿಡಿದಿದ್ದವನು ಅದನ್ನು ಚೀಲಕ್ಕೆ ಹಾಕಿ ಮುಂದಿನ ನಿಲ್ದಾಣದಲ್ಲಿ ಇಳಿದುಹೋದ. ಅವನು ತೆಗೆದದ್ದು ಗೋಡೆಯ ಜಾಹೀರಾತನ್ನೇ ಇರಬಹುದು. ಆದರೆ ಆ ಹುಡುಗಿ ಸ್ಕರ್ಟನ್ನು ಕೈಯಿಂದ ಒತ್ತಿ ಹಿಡಿದುಕೊಂಡು ನಿಂತ ರೀತಿ ನನಗೆ ಮರೆಯುವುದಿಲ್ಲ. ಮೇಲಿನವರು ಹೇಳಿದ ಆ್ಯಪ್‌ಗಳಿಂದ ಈ ಕಾವಲು ಸಡಿಲವಾಗಿದೆ ಎಂಬುದು ನಿಜ. ಆದರೂ ಆ ಸದ್ದು ಫೋನಿನ ಒಡೆಯರಿಗಾಗಿ ಇರುವುದಲ್ಲ, ಎದುರಿಗಿರುವವರಿಗಾಗಿ ಇರುವುದು. ಅದನ್ನು ಕಂಪನಿಗಳು ತೆಗೆದುಹಾಕಬಾರದೆಂದೇ ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಮನೆಯೊಳಗೆ, ನಿಮ್ಮದೇ ಮಗುವಿನ ಮುಂದೆ ಈ ಮಾತು ಬರುವುದಿಲ್ಲ, ಅಕ್ಕ. ಅದಕ್ಕೆ ಸುಲಭದ ದಾರಿಯೆಂದರೆ, ಈ ಕಟ್ಟುಪಾಡು ಫೋನುಗಳಿಗೆ ಮಾತ್ರ, ಕ್ಯಾಮೆರಾಗಳಿಗೆ ಅಲ್ಲ. ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯ ಸ್ಥಿತಿಯ ಚಿಕ್ಕ ಡಿಜಿಟಲ್ ಕ್ಯಾಮೆರಾಗಳು ಸಿಗುತ್ತವೆ. ಎಲೆಕ್ಟ್ರಾನಿಕ್ ಶಟರ್, ಅಂದರೆ ಒಳಗಿನ ಪರದೆ ಅಲುಗದೆ ಚಿತ್ರ ತೆಗೆಯುವ ಸೌಲಭ್ಯ, ಇರುವುದನ್ನು ಕೇಳಿ ಕೊಂಡು, ಸದ್ದನ್ನು ಮೆನುವಿನಲ್ಲಿ ನಿಲ್ಲಿಸಿಬಿಡಿ. ನನ್ನ ತಂಗಿಯ ಬಾಣಂತನದಲ್ಲಿ ನಾನು ತೆಗೆದ ಚಿತ್ರಗಳೆಲ್ಲ ಅಂಥದ್ದರಲ್ಲೇ ತೆಗೆದವು.

ಪ್ರಶ್ನೆ ಕೇಳಿದವರಿಂದ (ನಾಲ್ಕು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ನನ್ನ ಫೋನು ಜೆ/ಎ ಎಂದೇ ಇದೆ. ಅಡುಗೆಮನೆಯಲ್ಲಿ ವಿಡಿಯೊ ಶುರುಮಾಡಿಕೊಂಡು ಹೋಗಿ ನಿಂತೆ. ಎರಡು ದಿನ ಮಗಳು ನಗಲಿಲ್ಲ, ಮೂರನೆಯ ದಿನ ನಕ್ಕಳು. ಬಿಳಿ ಗುಂಡಿ ಒತ್ತಿ ಮೂರು ಫೋಟೊ ತೆಗೆದೆ, ಅವಳು ಏಳಲಿಲ್ಲ. ಧಾರವಾಡದಲ್ಲಿ ನಮ್ಮ ಅವ್ವ ಅದರಲ್ಲಿ ಒಂದನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಲು ಕೊಟ್ಟಿದ್ದಾರಂತೆ. ಹೊಸ ಫೋನು ಕೊಳ್ಳಬೇಡ, ನಿನ್ನದನ್ನೇ ತಾ, ನನ್ನ ಸಿಮ್ ಹಾಕಿ ನೋಡೋಣ ಎಂದು ತಮ್ಮನಿಗೆ ತಿಳಿಸಿದ್ದೇನೆ. ಟೋಕಿಯೊದವರು ಹೇಳಿದ್ದನ್ನು ಓದಿದ ಮೇಲೆ, ಹೊರಗೆ ಹೋಗುವಾಗ ಸದ್ದು ಮಾಡುವ ಈ ಫೋನನ್ನೇ ಒಯ್ಯುವುದೆಂದು ನಿರ್ಧರಿಸಿದ್ದೇನೆ.