ಅಪ್‌ಡೇಟ್: ಮುಂದೂಡೋ ಚಟಕ್ಕ ಟೈಮರ್ ಅಲ್ಲ, ಒಂದು ಸಾಲು ಕೆಲಸಕ್ಕ ಬಂತು

ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯ ಬರಿಯಾಕ ಕೂಡಾಕ ಆಗವಲ್ದು ಅಂತ ವಿಜಯಪುರದಿಂದ ಇಲ್ಲಿ ಮೊದಲ ಕೇಳಿದ್ನಲ್ಲ, ಆ ಅಧ್ಯಾಯ ಈಗ ಗೈಡ್ ಕೈ ಸೇರೇತಿ.

25 ನಿಮಿಷದ ಟೈಮರ್ ಇಟ್ಟು ಬರಿಯಾಕ ಕೂಡೋದು ಉಪಯೋಗ ಆಗಲಿಲ್ಲ. ಅಡಚಣಿ ಇದ್ದದ್ದು ಟೈಮರ್ ಒತ್ತೋಕಿಂತ ಮೊದಲ. ಫೋನ್ ಬ್ಯಾರೆ ಖೋಲಿಯೊಳಗ ಇಟ್ರೂ ಅಷ್ಟ.

ಕೆಲಸಕ್ಕ ಬಂದದ್ದು ಇಲ್ಲಿ ಅಕ್ಕಾರು ಒಬ್ರು ಹೇಳಿದ್ದು: ಫೈಲ್ ತೆಗಿಯೋ ಮೊದಲ ‘ಯಾಕ ಬ್ಯಾಡ ಅನಸ್ತೈತಿ’ ಅಂತ ಒಂದು ಸಾಲು ಬರೀರಿ. ಬಂದ ಉತ್ತರ ಆಲಸ್ಯ ಅಲ್ಲ, ‘ಬರದದ್ದನ್ನ ಗೈಡ್ ಪೂರಾ ಹೊಡೆದು ಹಾಕ್ತಾರ’ ಅನ್ನೋ ಅಂಜಿಕಿ. ಆಮ್ಯಾಲ ನನ್ನ ಜೋಡಿ ನಾನ ಒಂದು ಕರಾರು: ಚಹಾದ ಕಪ್ಪು ಕೆಳಗಿಟ್ಟ ಕೂಡಲೇ ಅಧ್ಯಾಯದಾಗಿನ ಕೋಷ್ಟಕ 3ರ ಕೆಳಗ ಒಂದು ಕಚ್ಚಾ ವಾಕ್ಯ. ‘ಕಚ್ಚಾ’ ಅನ್ನೋದನ್ನ ಬಿಡಬ್ಯಾಡ್ರಿ. ಛಲೋ ವಾಕ್ಯ ಬೇಕಂದ್ರ ಅಂಜಿಕಿ ತಿರುಗಿ ಬರತೈತಿ.

ಮುಂದೂಡೋದು ವ್ಯಾಳ್ಯಾದ ಲೆಕ್ಕಕ್ಕಿಂತ ಹೆಚ್ಚಾಗಿ ಮನಸಿನ ಕಸಿವಿಸಿ ತಪ್ಪಿಸಿಕೊಳ್ಳೋ ದಾರಿ ಅಂತ ಮನಶ್ಶಾಸ್ತ್ರಜ್ಞರಾದ ಸಿರೋಯ್, ಪಿಚಿಲ್ 2013ರಾಗ ಬರದಾರ. ಅದಕ್ಕ ತನ್ನನ್ನ ತಾನ ಬೈಕೊಂಡ್ರ ಕಸಿವಿಸಿ ಹೆಚ್ಚಾಗಿ, ಕೆಲಸ ಮತ್ತೂ ಮುಂದಕ್ಕ ಹೋಗತೈತಿ.