ಎಸಿ ಕೊಂಡರೆ ಆದಾಯ ತೆರಿಗೆ ಉಳಿಯುತ್ತದೆಯೇ?

ನಿವೃತ್ತ ಶಿಕ್ಷಕಿ, ಧಾರವಾಡ
ಸಪ್ತಾಪುರದಲ್ಲಿ ನಮ್ಮದು ಮೇಲಿನ ಮಹಡಿ. ಏಪ್ರಿಲ್ ಬಂತೆಂದರೆ ರಾತ್ರಿ ಹತ್ತಕ್ಕೂ ಸ್ಲ್ಯಾಬಿನ ಝಳ ಇಳಿಯುವುದಿಲ್ಲ. ಎಂಬತ್ತೆರಡು ವರ್ಷದ ನಮ್ಮ ಅತ್ತೆ ಒದ್ದೆ ಟವೆಲ್ಲನ್ನು ಎದೆಯ ಮೇಲೆ ಹೊದ್ದು ಮಲಗುತ್ತಾರೆ. ನಡುರಾತ್ರಿ ಎದ್ದು ನೋಡಿದರೆ ಅದು ಒಣಗಿ ಗರಿಗರಿಯಾಗಿರುತ್ತದೆ. ಈ ಸಲ ಏನಾದರೂ ಮಾಡಲೇಬೇಕು.

ಅಮೆರಿಕದಲ್ಲಿರುವ ಮಗಳು 2024ರಲ್ಲಿ ಮನೆಗೆ ಹೀಟ್ ಪಂಪ್ (ಬೇಸಿಗೆಯಲ್ಲಿ ಎಸಿಯಂತೆ ತಂಪು, ಚಳಿಗಾಲದಲ್ಲಿ ಬಿಸಿ ಕೊಡುವ ಯಂತ್ರ) ಹಾಕಿಸಿದಳು. ಖರ್ಚಿನ ಶೇ 30ರಷ್ಟು, ಗರಿಷ್ಠ 2,000 ಡಾಲರ್‌ವರೆಗೆ, ಅಲ್ಲಿ ತೆರಿಗೆಯಲ್ಲೇ ಮುರಿದುಕೊಳ್ಳುತ್ತಾರಂತೆ. ಇಲ್ಲಿನ ಅಂಗಡಿಯವರೊಬ್ಬರೂ "ಫೈವ್ ಸ್ಟಾರ್ ಎಸಿ ತೆಗೆದುಕೊಳ್ಳಿ ಮೇಡಂ, ಆದಾಯ ತೆರಿಗೆಯಲ್ಲಿ ವಾಪಸ್ ಬರುತ್ತದೆ" ಎಂದರು. ನಿಜವೇ? ಇದು ಪಿಂಚಣಿಯ ಹಣ, ಕೇಳಿಯೇ ಹೆಜ್ಜೆ ಇಡುತ್ತೇನೆ.

ತೆರಿಗೆ ಸಲಹೆಗಾರ, ಗದಗ
ನಿಜವಲ್ಲ ಮೇಡಂ. ವಾಸದ ಮನೆಗೆ ಎಸಿ ಕೊಂಡರೆ ಆದಾಯ ತೆರಿಗೆಯಲ್ಲಿ ಒಂದು ರೂಪಾಯಿಯೂ ಇಳಿಯದು. ಇಳಿದಿರುವುದು ಜಿಎಸ್‌ಟಿ: 2025ರ ಸೆಪ್ಟೆಂಬರ್ 22ರಿಂದ ಶೇ 28 ಇದ್ದದ್ದು 18 ಆಗಿದೆ. ಸಾಲ ಮಾಡಿ ಮನೆ ದುರಸ್ತಿ ಮಾಡಿಸಿದರೆ ವರ್ಷಕ್ಕೆ 30,000 ರೂಪಾಯಿವರೆಗಿನ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ. ಅಷ್ಟಕ್ಕಾಗಿ ಸಾಲ ಮಾಡಬೇಡಿ. ಅಂದಹಾಗೆ, ಮಗಳಿಗೆ ಸಿಕ್ಕ ಆ ಸೌಲಭ್ಯವೂ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ.

ವೈರಿಂಗ್ ಕೆಲಸದವ, ಹುಬ್ಬಳ್ಳಿ
ಅಕ್ಕಾವರೇ, ಎಸಿಗಿಂತ ಮೊದಲು ಸ್ಲ್ಯಾಬ್ ನೋಡಿ. ಹೋದ ವರ್ಷ ನಮ್ಮ ಮನೆಯ ಮೇಲೆ ಅರ್ಧ ಭಾಗಕ್ಕಷ್ಟೇ ಸುಣ್ಣ ಬಳಿದಿದ್ದೆ. ಮಧ್ಯಾಹ್ನ ಮೂರಕ್ಕೆ ಬರಿಗಾಲಲ್ಲಿ ಹೋದೆ: ಬಿಳಿಯ ಮೇಲೆ ನಿಂತು ಮಾತನಾಡಬಹುದಿತ್ತು, ಆಚೆ ಕಾಲಿಟ್ಟ ಕೂಡಲೇ ಹಿಂದೆ ಜಿಗಿದೆ. ಮರುದಿನವೇ ಉಳಿದರ್ಧಕ್ಕೂ ಬಳಿದೆ.

ಗೃಹಜ್ಯೋತಿ ಇದ್ದರೆ ಇನ್ನೊಂದು ಮಾತು. ಎಸಿ ಓಡಿ ತಿಂಗಳಿಗೆ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ಲನ್ನು ನೀವೇ ಕಟ್ಟಬೇಕು. ಸರ್ಕಾರದ ನೆರವೇ ಬೇಕೆಂದರೆ ಮನೆಯ ಮೇಲೆ ಸೌರ ಫಲಕ ಹಾಕಿಸುವ ಕೇಂದ್ರದ ಸೂರ್ಯಘರ್ ಯೋಜನೆ ಇದೆ: 2 ಕಿಲೋವಾಟ್‌ಗೆ 60,000, 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ. ನೆಟ್ ಮೀಟರ್ (ನೀವು ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಕರೆಂಟು ಎರಡನ್ನೂ ಅಳೆಯುವ ಮೀಟರ್) ಕೂತ ಮೇಲೆ ಹಣ ನಿಮ್ಮ ಖಾತೆಗೇ ಬರುತ್ತದೆ. ಪ್ಯಾನೆಲ್ ಕೆಳಗಿನ ಸ್ಲ್ಯಾಬಿಗೆ ನೆರಳೂ ಸಿಗುತ್ತದೆ.

ನಿವೃತ್ತ ಶಿಕ್ಷಕಿ, ಧಾರವಾಡ
ಇಬ್ಬರಿಗೂ ಮನಸಾರೆ ನಮಸ್ಕಾರ. ಅಂಗಡಿಗೆ ಮುಂಗಡ ಕೊಡಲು ನಾಳೆ ಹೊರಟಿದ್ದೆ, ನಿಲ್ಲಿಸಿದೆ. ಸೌರ ಫಲಕದ ಲೆಕ್ಕವನ್ನು ಮಗನೊಂದಿಗೆ ಕೂತು ನೋಡುತ್ತೇನೆ. ಸುಣ್ಣ ಮಾತ್ರ ಈ ಭಾನುವಾರವೇ ಆಗಲಿ. ನಮ್ಮ ಸ್ಲ್ಯಾಬು ಮೂವತ್ತಕ್ಕೆ ಇಪ್ಪತ್ತೈದು ಅಡಿ. ಎಷ್ಟು ಕಿಲೋ ತರಿಸಲಿ, ಎಷ್ಟು ಸಲ ಬಳಿಸಲಿ?