ಹಿತ್ತಲಿನ ಪೆಟ್ಟಿಗೆಯಲ್ಲಿ ಬ್ಲೂಬರ್ಡ್ ಐದು ಮೊಟ್ಟೆ ಇಟ್ಟಿದೆ, ಗುಬ್ಬಚ್ಚಿಗಳಿಂದ ಹೇಗೆ ಕಾಪಾಡಲಿ?

ಹಿತ್ತಲಮನೆ (ರಾಲಿ, ನಾರ್ತ್ ಕ್ಯಾರೊಲಿನಾ), ಏಪ್ರಿಲ್ 8

ಎಲ್ಲರಿಗೂ ನಮಸ್ಕಾರ. ಕಳೆದ ಚಳಿಗಾಲದಲ್ಲಿ ನಮ್ಮ ಹಿತ್ತಲಿನ ಹುಲ್ಲುಹಾಸಿನ ನಡುವೆ ಮರದ ಕಂಬವೊಂದನ್ನು ನೆಟ್ಟು, ಅಂಗಡಿಯಿಂದ ತಂದ ಸೀಡರ್ ಮರದ ಗೂಡುಪೆಟ್ಟಿಗೆಯನ್ನು ಐದಡಿ ಎತ್ತರದಲ್ಲಿ ಕೂರಿಸಿದ್ದೆವು. ಮಾರ್ಚ್ ಕೊನೆಯ ವಾರದಲ್ಲಿ ಬ್ಲೂಬರ್ಡ್ ಎಂಬ ಇಲ್ಲಿನ ನೀಲಿ ಹಕ್ಕಿಯ ಜೋಡಿಯೊಂದು ಬಂದಿತು. ಹೆಣ್ಣುಹಕ್ಕಿ ಒಣಗಿದ ಪೈನ್ ಎಲೆಗಳನ್ನು ಕೊಕ್ಕಿನಲ್ಲಿ ಕಚ್ಚಿ ತಂದು, ಬಟ್ಟಲಿನಂಥ ಅಚ್ಚುಕಟ್ಟಾದ ಗೂಡು ಕಟ್ಟಿ, ಏಪ್ರಿಲ್ 2ರಿಂದ ದಿನಕ್ಕೊಂದರಂತೆ ಐದು ತಿಳಿನೀಲಿ ಮೊಟ್ಟೆಗಳನ್ನಿಟ್ಟು, ಈಗ ಕಾವಿಗೆ ಕೂತಿದೆ.

ನನ್ನ ಚಿಂತೆ ಗುಬ್ಬಚ್ಚಿಗಳದು. ಹಾಸನದಿಂದ ಬಂದಿರುವ ಅಮ್ಮ ದಿನವೂ ಬೆಳಿಗ್ಗೆ ಡೆಕ್ಕಿನ ಮೇಲೆ ಒಂದು ಹಿಡಿ ಅಕ್ಕಿ ನುಚ್ಚು ಹಾಕುತ್ತಾರೆ. ಅದನ್ನು ತಿನ್ನಲು ಬರುವ ಗುಬ್ಬಿಗಳಲ್ಲಿ ಗಂಟಲು ಕಪ್ಪಗಿರುವ ಗಂಡೊಂದು ಎರಡು ದಿನದಿಂದ ಪೆಟ್ಟಿಗೆಯ ಮಾಡಿನ ಮೇಲೆ ಕೂತು, ತೂತಿನೊಳಗೆ ತಲೆ ಹಾಕಿ ನೋಡುತ್ತಿದೆ. ಇಲ್ಲಿನ ನೆರೆಯವರು ಅದನ್ನು ಓಡಿಸಲೇಬೇಕು ಎನ್ನುತ್ತಾರೆ. ಆದರೆ ನಮ್ಮ ಊರಿನ ಮನೆಯ ನಡುಕೋಣೆಯಲ್ಲಿ ದೇವರ ಪಟದ ಹಿಂದೆ ಗುಬ್ಬಿ ಗೂಡು ಕಟ್ಟಿದಾಗ, ಮರಿಗಳು ಹಾರಿಹೋಗುವವರೆಗೆ ತಾತ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಗುಬ್ಬಿಯನ್ನು ಓಡಿಸುವ ಮಾತೆತ್ತಿದರೆ ಅಮ್ಮನ ಮುಖ ಬಾಡುತ್ತದೆ. ಪೆಟ್ಟಿಗೆಯ ಬಾಗಿಲು ತೆರೆದು ನೋಡಬಹುದೇ ಎಂಬುದೂ ನನಗೆ ಗೊತ್ತಿಲ್ಲ, ಏಕೆಂದರೆ ಮನುಷ್ಯರ ಕೈ ತಾಗಿದ ಮೊಟ್ಟೆಯನ್ನು ತಾಯಿಹಕ್ಕಿ ಬಿಟ್ಟುಬಿಡುತ್ತದೆ ಎಂದು ಅಮ್ಮ ಹೇಳುತ್ತಾರೆ. ಇದಲ್ಲದೆ ಪಕ್ಕದ ಮನೆಯವರ ಶೆಡ್ಡಿನ ಬಳಿ ಕರಿಯ ರ‍್ಯಾಟ್ ಸ್ನೇಕ್ ಕಾಣಿಸಿಕೊಂಡಿದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಸೀಡರ್‌ಪೆಟ್ಟಿಗೆ (ರಿಚ್‌ಮಂಡ್, ವರ್ಜೀನಿಯಾ), ಏಪ್ರಿಲ್ 8

ನಮಸ್ಕಾರ. ನಮ್ಮ ಬಡಾವಣೆಯ ಉದ್ಯಾನದಲ್ಲಿರುವ ಪೆಟ್ಟಿಗೆಗಳನ್ನು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹಾವಿನ ವಿಷಯ, ಏಕೆಂದರೆ ಅದು ನಾಳೆಗೆ ಕಾಯುವ ಕೆಲಸವಲ್ಲ. ಮರದ ಕಂಬವನ್ನು ರ‍್ಯಾಟ್ ಸ್ನೇಕ್ ಸಲೀಸಾಗಿ ಹತ್ತುತ್ತದೆ, ರಕೂನ್ ಎಂಬ ಇಲ್ಲಿನ ಕಾಡುಪ್ರಾಣಿ ಕೂಡ ಹತ್ತುತ್ತದೆ. ಮೊಟ್ಟೆಗಳಿರುವಾಗ ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸಬೇಡಿ; ಈಗಿರುವ ಕಂಬಕ್ಕೇ ತಡೆ ಹಾಕಿ. ಎಂಟು ಇಂಚು ಅಗಲದ, ಎರಡಡಿಗೂ ಮಿಕ್ಕಿ ಉದ್ದದ ತಗಡಿನ ಒಲೆಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಪೆಟ್ಟಿಗೆಯ ಕೆಳಗೆ ಕಂಬದ ಸುತ್ತ ತೂಗುಹಾಕಿ, ಮೇಲ್ಬಾಯಿಯನ್ನು ಸಣ್ಣ ಕಣ್ಣಿನ ತಂತಿಬಲೆಯಿಂದ ಸಂದಿಲ್ಲದಂತೆ ಮುಚ್ಚಿರಿ. ಕಂಬವನ್ನು ಹತ್ತಿ ಬಂದ ಹಾವು ಕೊಳವೆಯೊಳಗೆ ಹೊಕ್ಕು, ಮೇಲೆ ದಾರಿಯಿಲ್ಲದೆ ಇಳಿದುಹೋಗುತ್ತದೆ. ಕೊಳವೆಯ ಹೊರಮೈ ಅಗಲವಾಗಿಯೂ ನುಣುಪಾಗಿಯೂ ಇರುವುದರಿಂದ ರಕೂನಿಗೆ ತಬ್ಬಿ ಹತ್ತಲು ಹಿಡಿತ ಸಿಗುವುದಿಲ್ಲ. ಇಲ್ಲಿ ಇದನ್ನು ಬ್ಯಾಫಲ್ ಎನ್ನುತ್ತಾರೆ. ಕಂಬಕ್ಕೆ ಗ್ರೀಸ್ ಹಚ್ಚುವವರಿದ್ದಾರೆ, ಅದು ಬೇಡ. ಹಕ್ಕಿಯ ಗರಿಗೆ ಅಂಟಿದರೆ ಅದಕ್ಕೇ ಕುತ್ತು. ತೂತಿನ ಕೆಳಗೆ ಕೂರುವ ಕಡ್ಡಿಯಿದ್ದರೆ ಅದನ್ನೂ ತೆಗೆದುಬಿಡಿ. ಬ್ಲೂಬರ್ಡ್‌ಗೆ ಅದು ಬೇಕಿಲ್ಲ, ಗುಬ್ಬಿಗೆ ಅದು ಅನುಕೂಲ.

ಇನ್ನು ತೆರೆದು ನೋಡುವ ವಿಷಯ. ಕೈ ತಾಗಿದ ಮಾತ್ರಕ್ಕೆ ಬ್ಲೂಬರ್ಡ್ ಗೂಡು ಬಿಡುವುದಿಲ್ಲ, ಅಮ್ಮನವರು ನಿಶ್ಚಿಂತೆಯಿಂದಿರಲಿ. ಕಾರ್ನೆಲ್ ಪಕ್ಷಿ ಪ್ರಯೋಗಾಲಯ ನಡೆಸುವ ನೆಸ್ಟ್‌ವಾಚ್ ಯೋಜನೆಯವರು ಮೂರು ನಾಲ್ಕು ದಿನಕ್ಕೊಮ್ಮೆ ನೋಡಿ, ದಿನಾಂಕ, ಮೊಟ್ಟೆಗಳ ಸಂಖ್ಯೆ, ಮರಿಗಳ ಸಂಖ್ಯೆ ಬರೆದಿಡಲು ಹೇಳುತ್ತಾರೆ. ನೋಡದೆ ಬಿಟ್ಟ ಪೆಟ್ಟಿಗೆಯಲ್ಲಿ ಗುಬ್ಬಿ ಹೊಕ್ಕರೂ, ಇರುವೆ ಮುತ್ತಿದರೂ ನಮಗೆ ತಿಳಿಯುವುದು ಎಲ್ಲ ಮುಗಿದ ಮೇಲೆಯೇ. ಬೆಳಗಿನ ಹೊತ್ತು, ಮುಸ್ಸಂಜೆ, ಮಳೆ ಮತ್ತು ಚಳಿಯ ದಿನಗಳನ್ನು ಬಿಟ್ಟು, ಬಿಸಿಲೇರಿದ ಮೇಲೆ ಹೋಗಿ. ಪೆಟ್ಟಿಗೆಯ ಬದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಒಳಗಿರುವ ಹಕ್ಕಿಗೆ ಹೊರಗೆ ಹಾರಲು ಎಚ್ಚರಿಕೆ ಸಿಗುತ್ತದೆ. ಅದು ಅಲುಗಾಡದೆ ಕೂತಿದ್ದರೆ ಎಬ್ಬಿಸದೆ ಬಾಗಿಲು ಮುಚ್ಚಿ ಬನ್ನಿ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು, ಒಂದು ನಿಮಿಷದೊಳಗೆ ಬಾಗಿಲು ಹಾಕಿ ದೂರ ಸರಿಯಿರಿ. ಎಣಿಕೆಯನ್ನು ಮನೆಯೊಳಗೆ ಕೂತು ಮಾಡಬಹುದು.

ಕೊನೆಯ ಮೊಟ್ಟೆ ಏಪ್ರಿಲ್ 6ರಂದು ಬಂದಿದ್ದರೆ, ಸುಮಾರು ಎರಡು ವಾರಗಳ ಕಾವಿನ ನಂತರ, ಅಂದರೆ 18ರಿಂದ 20ರೊಳಗೆ ಮರಿಗಳಾಗುತ್ತವೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಏಕೆಂದರೆ ಅಲ್ಲಿಂದ ಹನ್ನೆರಡನೆಯ ದಿನದ ನಂತರ ಯಾವ ಕಾರಣಕ್ಕೂ ಬಾಗಿಲು ತೆರೆಯಬಾರದು. ಆ ಹೊತ್ತಿಗೆ ಮರಿಗಳ ರೆಕ್ಕೆಯಲ್ಲಿ ನೀಲಿ ಕಾಣಿಸಿಕೊಂಡಿರುತ್ತದೆ. ಆದರೆ ಹಾರುವ ಬಲ ಬಂದಿರುವುದಿಲ್ಲ, ಬೆದರಿದರೆ ನೆಲಕ್ಕೆ ಧುಮುಕಿ ಬೆಕ್ಕಿನ ಬಾಯಿಗೆ ಬೀಳುತ್ತವೆ. ಹದಿನೇಳು ಹದಿನೆಂಟು ದಿನಗಳಾದಾಗ ತಾವಾಗಿಯೇ ಹೊರಡುತ್ತವೆ. ಹುಲ್ಲುಹಾಸಿಗೆ ಕೀಟನಾಶಕ ಹೊಡೆಸುವ ಅಭ್ಯಾಸವಿದ್ದರೆ ನಿಲ್ಲಿಸಿ. ಮರಿಗಳ ಆಹಾರವೆಲ್ಲ ಅಲ್ಲಿನ ಮಿಡತೆ, ಕಂಬಳಿಹುಳು, ಜೇಡಗಳೇ.

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ), ಏಪ್ರಿಲ್ 9

ಸೀಡರ್‌ಪೆಟ್ಟಿಗೆಯವರು ಗುಬ್ಬಿಯ ಮಾತನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ಅದನ್ನು ನಾನು ಹೇಳಬೇಕಾಗಿದೆ, ಏಕೆಂದರೆ ಮೂರು ವರ್ಷಗಳ ಹಿಂದೆ ನಾನು ಗುಬ್ಬಿಯ ಮೇಲಿನ ಮಮತೆಯಿಂದ ಸುಮ್ಮನಿದ್ದೆ. ಒಂದು ಸಂಜೆ ಬಾಗಿಲು ತೆರೆದಾಗ ಹೆಣ್ಣು ಬ್ಲೂಬರ್ಡ್ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿಕೊಂಡೇ ಸತ್ತಿತ್ತು. ನೆತ್ತಿಯ ಗರಿಗಳೆಲ್ಲ ಕಿತ್ತು, ತಲೆಬುರುಡೆ ಕಾಣುತ್ತಿತ್ತು. ಅದರ ಮೇಲೆಯೇ ಗುಬ್ಬಿ ಹುಲ್ಲು, ಕಾಗದದ ಚೂರು, ಕೋಳಿಯ ಗರಿ ತಂದು ತುಂಬಲು ಆರಂಭಿಸಿತ್ತು. ಮೊಟ್ಟೆಯ ಮೇಲಿಂದ ಏಳಲಾರದ ತಾಯಿಗೆ ಆ ಕಿರಿದಾದ ಪೆಟ್ಟಿಗೆಯಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ತೂತನ್ನು ಒಂದೂವರೆ ಇಂಚಿಗೆ ಇಳಿಸಿದರೆ ಪೆಟ್ಟಿಗೆ ಕಿತ್ತುಕೊಳ್ಳುವ ಇನ್ನೊಂದು ಹಕ್ಕಿಯಾದ ಸ್ಟಾರ್ಲಿಂಗ್ ಒಳಗೆ ಬರಲಾರದು, ಆದರೆ ಗುಬ್ಬಿ ಬರುತ್ತದೆ. ಹೀಗಾಗಿ ಅಳತೆಯನ್ನು ನಂಬಿ ಕೂರುವಂತಿಲ್ಲ. ನಿಮ್ಮಲ್ಲಿ ಮೊಟ್ಟೆಗಳು ಈಗಾಗಲೇ ಇರುವುದರಿಂದ ಇಂದೇ ಬೆದರುಪಟ್ಟಿ ಕಟ್ಟಿರಿ: ಪೆಟ್ಟಿಗೆಯ ಹಿಂಬದಿಗೆ ಒಂದು ಕೋಲು ನಿಲ್ಲಿಸಿ, ಮಾಡಿನ ಮೇಲೆ ಅಡ್ಡಕಡ್ಡಿ ಕಟ್ಟಿ, ಅದರಿಂದ ಮಿರಮಿರ ಹೊಳೆಯುವ ಮೈಲಾರ್ ಹಾಳೆಯ ಪಟ್ಟಿಗಳನ್ನು ತುದಿ ಮಾಡಿಗೆ ತಾಗುವಂತೆ ಇಳಿಬಿಡಬೇಕು. ಗಾಳಿಗೆ ಅವು ಅಲುಗಾಡಿದರೆ ಗುಬ್ಬಿ ಹತ್ತಿರ ಸುಳಿಯುವುದಿಲ್ಲ, ಮೊಟ್ಟೆಯ ಸೆಳೆತವಿರುವ ಬ್ಲೂಬರ್ಡ್ ಮಾತ್ರ ಬೇಗನೆ ಒಗ್ಗಿಕೊಳ್ಳುತ್ತದೆ. ಇದನ್ನು ಮೊದಲ ಮೊಟ್ಟೆಗಿಂತ ಮುಂಚೆ ಕಟ್ಟಿದರೆ ಬ್ಲೂಬರ್ಡ್ ಕೂಡ ಜಾಗ ಬಿಟ್ಟು ಹೋಗಬಹುದು. ಕಟ್ಟಿದ ಮೇಲೆ ಒಂದು ಗಂಟೆ ಕಿಟಕಿಯಿಂದ ನೋಡಿ. ತಾಯಿ ಒಳಗೆ ಹೋಗದಿದ್ದರೆ ತೆಗೆದುಬಿಡಿ.

ಅಮ್ಮನವರ ನುಚ್ಚನ್ನು ನಿಲ್ಲಿಸಲೇಬೇಕು. ಬ್ಲೂಬರ್ಡ್ ಕಾಳು ತಿನ್ನುವ ಹಕ್ಕಿಯಲ್ಲ, ಆ ನುಚ್ಚು ಗುಬ್ಬಿಗಳನ್ನು ಮಾತ್ರ ಕರೆಯುತ್ತದೆ. ಅವರಿಗೆ ಹಕ್ಕಿಗೆ ಏನಾದರೂ ಹಾಕಲೇಬೇಕೆನಿಸಿದರೆ ಬೆಳಿಗ್ಗೆ ಒಂದಿಷ್ಟು ಮೀಲ್‌ವರ್ಮ್ ಎಂಬ ಹುಳುಗಳನ್ನು ಹಾಕಲಿ.

ಕಾನೂನು ಕೂಡ ಗೊತ್ತಿರಲಿ. 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆಯ ಪ್ರಕಾರ ಇಲ್ಲಿನ ಮೂಲ ಹಕ್ಕಿಗಳ ಗೂಡು, ಮೊಟ್ಟೆಗಳಿಗೆ ರಕ್ಷಣೆಯಿದೆ. ಹೌಸ್ ರೆನ್ ಎಂಬ ಪುಟ್ಟ ಹಕ್ಕಿ ಬ್ಲೂಬರ್ಡ್ ಮೊಟ್ಟೆಗಳನ್ನು ಕುಕ್ಕಿ ಒಡೆದರೂ, ಅದರ ಮೊಟ್ಟೆಯಿರುವ ಗೂಡನ್ನು ನಾವು ಮುಟ್ಟುವಂತಿಲ್ಲ. ಆದರೆ ಗುಬ್ಬಚ್ಚಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ, ಏಕೆಂದರೆ ಅದು 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟ ಹೊರಗಿನ ಹಕ್ಕಿ.

ಮೈಸೂರು ಹೆಂಚಿನಮನೆ, ಏಪ್ರಿಲ್ 10

ನಾನು ಅಮೆರಿಕ ಕಂಡವನಲ್ಲ, ಆದರೂ ಅಮ್ಮನವರ ಸಂಕಟದ ಬಗ್ಗೆ ಒಂದೆರಡು ಮಾತು. ನಾವಿಲ್ಲಿ ಗುಬ್ಬಿಗೆಂದೇ ಜಗಲಿಯಲ್ಲಿ ಪೆಟ್ಟಿಗೆ ಕಟ್ಟಿ, ವರ್ಷಕ್ಕೊಮ್ಮೆ ಮಾರ್ಚ್ 20ರಂದು ಗುಬ್ಬಚ್ಚಿ ದಿನ ಆಚರಿಸುತ್ತೇವೆ, ಏಕೆಂದರೆ ತಾರಸಿ ಮನೆಗಳು ಬಂದ ಮೇಲೆ ಅವಕ್ಕೆ ಹೆಂಚಿನ ಸಂದು ಸಿಗುತ್ತಿಲ್ಲ. ಗುಬ್ಬಿ ನಮ್ಮದು, ಇಲ್ಲಿ ಅದಕ್ಕೆ ಜಾಗ ಬೇಕು. ನಮ್ಮ ಗೊರವಂಕ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಗಿಳಿಗಳ ಪೊಟರೆ ಕಿತ್ತುಕೊಳ್ಳುತ್ತಿದೆ. ಅಲ್ಲಿಯವರು ಅದನ್ನು ಹೊರಗಟ್ಟುತ್ತಾರೆಂದರೆ ನನಗೆ ಬೇಸರವಾಗುವುದಿಲ್ಲ. ಬ್ಲೂಬರ್ಡ್‌ಗೆ ಮರ ಕೊರೆಯುವ ಕೊಕ್ಕಿಲ್ಲ, ಮರಕುಟಿಗ ಬಿಟ್ಟುಹೋದ ಪೊಟರೆಯೋ ನೀವು ಕೊಟ್ಟ ಪೆಟ್ಟಿಗೆಯೋ ಬೇಕು. ಗುಬ್ಬಿಗಾದರೆ ಅಂಗಡಿಯ ಬೋರ್ಡಿನ ಹಿಂದೆಯೂ ನಡೆಯುತ್ತದೆ. ತಾಯಿಯವರಿಗೆ ಹೀಗೆ ಹೇಳಿ ನೋಡಿ.

ಸೀಡರ್‌ಪೆಟ್ಟಿಗೆ, ಏಪ್ರಿಲ್ 10

ಮೈಸೂರಿನವರ ಮಾತು ಸರಿಯಾಗಿದೆ. ಬ್ಲೂಬರ್ಡ್ ಸಂಖ್ಯೆ ತೀರಾ ಇಳಿದಿದ್ದ ಕಾಲದಲ್ಲಿ ಇಲಿನಾಯ್‌ನ ಥಾಮಸ್ ಮಸೆಲ್‌ಮನ್ 1930ರ ದಶಕದಲ್ಲೇ ರಸ್ತೆಯುದ್ದಕ್ಕೂ ಪೆಟ್ಟಿಗೆಗಳನ್ನು ಕಟ್ಟಿದರು. 1978ರಲ್ಲಿ ಲಾರೆನ್ಸ್ ಝೆಲೆನಿ ಉತ್ತರ ಅಮೆರಿಕದ ಬ್ಲೂಬರ್ಡ್ ಸಂಘವನ್ನು ಸ್ಥಾಪಿಸಿದರು. ಇಂದು ನಿಮ್ಮ ಹಿತ್ತಲಿಗೆ ಆ ಹಕ್ಕಿ ಬಂದಿರುವುದರ ಹಿಂದೆ ಇಂಥ ಸಾವಿರಾರು ಜನರ ಪೆಟ್ಟಿಗೆಗಳಿವೆ.

ಗುಬ್ಬಿಯ ಬಗ್ಗೆ ಇನ್ನೊಂದು ಎಚ್ಚರಿಕೆ. ಗುಬ್ಬಿ ಒಂದು ಪೆಟ್ಟಿಗೆಯಲ್ಲಿ ಗೂಡು ಕಟ್ಟಿದಾಗ ಅದನ್ನು ಮತ್ತೆ ಮತ್ತೆ ಕಿತ್ತುಹಾಕಿದರೆ, ಗಂಡುಗುಬ್ಬಿ ಕೆರಳಿ ಹತ್ತಿರದ ಬ್ಲೂಬರ್ಡ್ ಗೂಡಿಗೆ ನುಗ್ಗುವುದುಂಟು. ಆದ್ದರಿಂದ ಅದಕ್ಕೆ ನೆಲೆಯೂರಲು ಆಸ್ಪದವನ್ನೇ ಕೊಡದಿರುವುದು ಒಳ್ಳೆಯದು.

ಹಿತ್ತಲಮನೆ, ಮೇ 18

ಎಲ್ಲರಿಗೂ ಕೃತಜ್ಞತೆಗಳು, ತಡವಾಗಿ ಬರೆಯುತ್ತಿದ್ದೇನೆ. ಕೊಳವೆಯನ್ನು ಅದೇ ವಾರಾಂತ್ಯದಲ್ಲಿ ಹಾಕಿದೆವು. ಮೈಲಾರ್ ಪಟ್ಟಿ ಕಟ್ಟಿದ ಮೇಲೆ ತಾಯಿಹಕ್ಕಿ ಎರಡು ಸಲ ತೂತಿನವರೆಗೆ ಬಂದು ಹಿಂದಿರುಗಿದಾಗ ನನ್ನ ಕೈ ನಡುಗಿತು. ಮೂರನೆಯ ಸಲ ಒಳಗೆ ಹೋಯಿತು. ಗಂಡುಗುಬ್ಬಿ ನಾಲ್ಕು ದಿನ ಬೇಲಿಯ ಮೇಲೆ ಕೂತು ನೋಡಿ, ಆಮೇಲೆ ಬರಲಿಲ್ಲ. ಮೈಸೂರಿನವರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಏನೂ ಹೇಳದೆ ನುಚ್ಚಿನ ಡಬ್ಬಿಯನ್ನು ಒಳಗೆ ತೆಗೆದಿಟ್ಟರು.

ಏಪ್ರಿಲ್ 19ರಂದು ನಾಲ್ಕು ಮೊಟ್ಟೆಗಳೊಡೆದು ಮರಿಗಳಾದವು, ಐದನೆಯದು ಆಗಲಿಲ್ಲ. 30ರಂದು ಕೊನೆಯ ಬಾರಿ ಬಾಗಿಲು ತೆರೆದೆ. ನಾಲ್ಕೂ ಮರಿಗಳು ನೆಲಕ್ಕೊತ್ತಿಕೊಂಡು, ಕಣ್ಣಷ್ಟೇ ಮೇಲೆತ್ತಿ ನನ್ನನ್ನು ನೋಡುತ್ತಿದ್ದವು. ಮೇ 7ರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅಮ್ಮ ಒಂದು, ಎರಡು, ಮೂರು ಎಂದು ಎಣಿಸಿದರು. ನಾಲ್ಕನೆಯದು ತೂತಿನಲ್ಲಿ ತಲೆ ಹೊರಗಿಟ್ಟು ಮಧ್ಯಾಹ್ನದವರೆಗೆ ಕೂತಿತ್ತು, ತಂದೆಹಕ್ಕಿ ಎದುರಿನ ಕೊಂಬೆಯಲ್ಲಿ ಹುಳು ಹಿಡಿದು ಕರೆದ ಮೇಲೆ ಹಾರಿತು.

ಮರಿಯಾಗದ ಮೊಟ್ಟೆಯನ್ನು ಅಮ್ಮ ಮನೆಯಲ್ಲಿಡಲು ಕೇಳಿದರು. ಕಾನೂನಿನ ಮಾತು ನೆನಪಿದ್ದುದರಿಂದ ಬೇಡವೆಂದು ಹೇಳಿ, ಹಳೆಯ ಗೂಡಿನ ಜೊತೆಗೆ ಅದನ್ನೂ ಚೀಲಕ್ಕೆ ಹಾಕಿದೆ. ಪೆಟ್ಟಿಗೆಯನ್ನು ಕೆರೆದು ಒರೆಸಿ, ಮೈಲಾರ್ ಪಟ್ಟಿಯನ್ನು ಬಿಚ್ಚಿಟ್ಟಿದ್ದೇನೆ. ಇಂದು ಬೆಳಿಗ್ಗೆ ಹೆಣ್ಣುಹಕ್ಕಿ ಮತ್ತೆ ಪೈನ್ ಎಲೆ ಕಚ್ಚಿಕೊಂಡು ಒಳಗೆ ಹೋಯಿತು. ಮೊದಲ ಮೊಟ್ಟೆ ಕಂಡ ದಿನ ಪಟ್ಟಿಯನ್ನು ಮತ್ತೆ ಕಟ್ಟಬೇಕಲ್ಲವೇ?

ಎಡಿಸನ್ ಕನ್ನಡಿಗ, ಮೇ 18

ಹೌದು, ಅದೇ ದಿನ ಕಟ್ಟಿರಿ. ಅಲ್ಲಿಯವರೆಗೆ ಬೇಡ.